ಇಪ್ಪತ್ತು ಅಡಿ ಪಾತಿಗೆ ಐದೇ ದಾಸವಾಳ

ಲಾನಿನ ಅಂಚಿಗೆ ಹೂಗಿಡಗಳ ಪಾತಿ ಮಾಡಿಸಲು ಕರೆದವರೆಲ್ಲ ನನ್ನ ಜೊತೆ ಜಗಳವಾಡುವುದು ಒಂದೇ ವಿಷಯಕ್ಕೆ. 'ಇಷ್ಟು ದೂರ ದೂರ ಯಾಕೆ? ಬೋಳು ಬೋಳಾಗಿ ಕಾಣುತ್ತಲ್ಲ!'

ನರ್ಸರಿಯ ಕವರಿನಲ್ಲಿ ದಾಸವಾಳ ಒಂದೂವರೆ ಅಡಿ ಇರುತ್ತದೆ. ಅದು ಮಗು. ನೆಲಕ್ಕಿಳಿದು ಎರಡು ಮೂರು ಮಳೆಗಾಲ ಕಂಡರೆ ನಾಲ್ಕು ಅಡಿಯಾದರೂ ಹರಡುತ್ತದೆ. ಅಂದರೆ ಕಾಂಡದಿಂದ ಎಲ್ಲ ಕಡೆಗೂ ಎರಡೆರಡು ಅಡಿ. ಹಾಗಾಗಿ ಹುಲ್ಲಿನ ಅಂಚಿನಿಂದ ಎರಡು ಅಡಿ, ಕಾಂಪೌಂಡಿನಿಂದ ಎರಡು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಅಡಿ ಬಿಡಬೇಕು. ಇಪ್ಪತ್ತು ಅಡಿ ಉದ್ದದ ಪಾತಿಗೆ ಐದು ಗಿಡ. ಹೌದು, ಐದೇ. ತಳಿ, ಮಣ್ಣು ನೋಡಿ ಅರ್ಧ ಅಡಿ ಆಚೀಚೆ ಆಗಬಹುದು. ಗಿಡ್ಡ ತಳಿಯ ಕೇಪಳಕ್ಕೆ ಒಂದೂವರೆ ಅಡಿ ಸಾಕು, ನಂದಿಬಟ್ಟಲಿಗೆ ದಾಸವಾಳಕ್ಕಿಂತ ಜಾಸ್ತಿಯೇ ಬೇಕು.

ಡುರಾಂಟದ ಬೇಲಿಯನ್ನು ಒತ್ತಾಗಿ ನೆಡುತ್ತಾರಲ್ಲ ಅಂತ ಕೇಳುತ್ತಾರೆ. ಬೇಲಿ ಬೇರೆ, ಹೂವಿನ ಪಾತಿ ಬೇರೆ. ಬೇಲಿ ಇರುವುದೇ ಕತ್ತರಿಸುವುದಕ್ಕೆ. ದಾಸವಾಳ ಮೊಗ್ಗು ಬಿಡುವುದು ಹೊಸ ಚಿಗುರಿನಲ್ಲಿ. ತಿಂಗಳು ತಿಂಗಳೂ ಆ ಚಿಗುರನ್ನೇ ಕತ್ತರಿಸಿದರೆ ಹೂವು ಎಲ್ಲಿಂದ ಬರಬೇಕು?

ಮೈಸೂರಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ನಾನು ಐದು ನೆಟ್ಟು ಬಂದೆ. ಮರುವಾರವೇ ಮಾಲಿಯಿಂದ ನಡುನಡುವೆ ಇನ್ನೂ ಹದಿನೈದು ಹಾಕಿಸಿದರು. ಮೂರನೇ ವರ್ಷ ಫೋನ್ ಬಂತು. ಹೋಗಿ ನೋಡಿದರೆ ಗಿಡಗಳೆಲ್ಲ ಬಿಸಿಲು ಹುಡುಕುತ್ತಾ ಲಾನಿನ ಮೇಲೆ ವಾಲಿದ್ದವು. ನೆರಳಲ್ಲಿ ಹುಲ್ಲು ಸತ್ತಿತ್ತು. ಒಳಗೆ ಗಾಳಿಯಾಡದೆ ಕೊಂಬೆ ತುಂಬ ರಸ ಹೀರುವ ಬಿಳಿ ಹಿಟ್ಟು ತಿಗಣೆ. ಮಾಲಿ ಪಾಪ, ಬೇಲಿಯ ಹಾಗೆ ಸಮಮಟ್ಟಕ್ಕೆ ಕತ್ತರಿಸುತ್ತಲೇ ಇದ್ದ. 'ಪೂಜೆಗೆ ಒಂದು ಹೂವೂ ಇಲ್ಲಪ್ಪ' ಅಂದರು ಮೇಷ್ಟ್ರ ಹೆಂಡತಿ. ನನಗೆ ತುಂಬಾ ಬೇಜಾರಾಯಿತು.

ಮೊದಲ ವರ್ಷದ ಬೋಳು ಕಳೆಯಲು ದಾರಿಯಿದೆ. ನಡುವಿನ ಜಾಗಕ್ಕೆ ಚೆಂಡುಹೂವು, ಗೌರಿಹೂವು ಹಾಕಿ. ಗಿಡಗಳು ಹರಡುವಷ್ಟರಲ್ಲಿ ಅವುಗಳ ಕಾಲ ಮುಗಿದಿರುತ್ತದೆ. ಉಳಿದ ಮಣ್ಣಿನ ಮೇಲೆ ಮೂರು ಇಂಚು ಒಣ ಎಲೆ ಹರಡಿ, ಕಾಂಡಕ್ಕೆ ತಾಗಿಸಬೇಡಿ. ಗರಿಕೆಯನ್ನು ಮಾತ್ರ ನೆಡುವ ಮೊದಲೇ ಬೇರುಸಮೇತ ತೆಗೆಯಿರಿ. ಆಮೇಲೂ ಎರಡು ತಿಂಗಳಿಗೊಮ್ಮೆ ಹುಲ್ಲಿನ ಅಂಚಿಗೆ ಸನಿಕೆಯಿಂದ ನಾಲ್ಕು ಇಂಚು ಆಳ ನೇರವಾಗಿ ಕಡಿಯುತ್ತಿರಿ, ಇಲ್ಲವಾದರೆ ಅದು ಪಾತಿಯೊಳಗೆ ನುಗ್ಗುತ್ತದೆ. ಲಾನಿಗೆ ಚಿಮುಕಿಸುವ ನೀರು ಈ ಗಿಡಗಳಿಗೆ ಸಾಲದು. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬುಡ ನೆನೆಯುವಂತೆ ಹಾಯಿಸಿ.

ಮೇಷ್ಟ್ರ ಪಾತಿಯಿಂದ ಆಷಾಢದ ಮಳೆಯಲ್ಲಿ ಹದಿನೈದು ಗಿಡ ಕಿತ್ತೆವು. ಮೇಷ್ಟ್ರು ಒಳಗಿಂದ ಹೊರಗೆ ಬರಲೇ ಇಲ್ಲ. ಕಡ್ಡಿಗಳನ್ನು ಬೀದಿಯವರೆಲ್ಲ ಒಯ್ದು ನೆಟ್ಟುಕೊಂಡರು. ಉಳಿದ ಐದನ್ನು ಮೊಣಕಾಲೆತ್ತರಕ್ಕೆ ಸವರಿದೆ. ದೀಪಾವಳಿಗೆ ಹೋದಾಗ ಮೇಷ್ಟ್ರ ಹೆಂಡತಿ ಬುಟ್ಟಿ ಹಿಡಿದು ಪಾತಿಯ ಹತ್ತಿರ ನಿಂತಿದ್ದರು.