ಸೀರಿಯಲ್ ಸೆಟ್ಟೂ ಸಾವಿರ ಕಮಿಟ್ಟೂ

ಗಣೇಶನ ಹಬ್ಬಕ್ಕೆಂದು ಅಟ್ಟದಿಂದ ಇಳಿಸಿದ ಹಳೇ ಸೀರಿಯಲ್ ಸೆಟ್ ಹತ್ತುವುದೇ ಇಲ್ಲ. ಒಂದು ಬಲ್ಬ್ ಹೋದರೂ ಇಡೀ ಸರ ಕತ್ತಲೆ. ನಾವು ಮೊದಲ ಬಲ್ಬಿನಿಂದ ಶುರುಮಾಡಿ ಒಂದೊಂದನ್ನೇ ಬಿಚ್ಚಿ ನೋಡುತ್ತಿದ್ದೆವು. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಹಾಗೆ ಮಾಡುತ್ತಿರಲಿಲ್ಲ. ಸರದ ನಟ್ಟನಡುವೆ ಟೆಸ್ಟರ್ ಇಡುತ್ತಿದ್ದರು. ಅಲ್ಲಿವರೆಗೆ ಕರೆಂಟ್ ಬಂದಿದ್ದರೆ ತೊಂದರೆ ಆಚೆ ಅರ್ಧದಲ್ಲಿದೆ, ಬರದಿದ್ದರೆ ಈಚೆ ಅರ್ಧದಲ್ಲಿ. ಮತ್ತೆ ಆ ಅರ್ಧದ ನಡುವೆ ಟೆಸ್ಟರ್. 64 ಬಲ್ಬಿನ ಸರಕ್ಕೆ ಆರೇ ಸಲ. (ನೀವು ಮಾಡಲು ಹೋಗಬೇಡಿ, ಶಾಕ್ ಹೊಡೆದೀತು.)

ಪ್ರೋಗ್ರಾಮ್ ಬರೆಯುವವರ ಕೈಯಲ್ಲೂ ಇಂಥದ್ದೊಂದು ಟೆಸ್ಟರ್ ಇದೆ. ಅದರ ಹೆಸರು ಗಿಟ್ ಬೈಸೆಕ್ಟ್. ಗಿಟ್ ಅಂದರೆ ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಧನ, ಬೈಸೆಕ್ಟ್ ಅದರೊಳಗಿನ ಒಂದು ಆಜ್ಞೆ. ದಿನಾ ಗಿಟ್ ಬಳಸುವವರಲ್ಲೂ ಎಷ್ಟೋ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ. ನಾನೂ ವರ್ಷಗಟ್ಟಲೆ ಮುಟ್ಟಿರಲಿಲ್ಲ.

ಲೈನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸಕ್ಕೆಂದು ಗಿಟ್ ಬರೆದರು. ಬೈಸೆಕ್ಟ್ ಅದೇ ವರ್ಷ ಅದರೊಳಗೆ ಸೇರಿತು. ಯಾಕೆ ಬೇಕಾಯಿತು ಅಂತ ಊಹಿಸುವುದು ಕಷ್ಟವಲ್ಲ. ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಂದು ಬರುತ್ತದೆ. ಈಗೆಲ್ಲ ಒಂದೊಂದರಲ್ಲೂ 10,000ಕ್ಕಿಂತ ಜಾಸ್ತಿ ಕಮಿಟ್‌ಗಳು, ಅಂದರೆ ಹೆಸರು-ತಾರೀಖಿನ ಜೊತೆ ದಾಖಲಾದ ಬದಲಾವಣೆಗಳು. ಹಳೇ ಆವೃತ್ತಿಯಲ್ಲಿ ಓಡುತ್ತಿದ್ದ ವೈಫೈ ಹೊಸದರಲ್ಲಿ ನಿಂತುಹೋದರೆ ಹತ್ತು ಸಾವಿರದಲ್ಲಿ ಯಾವುದನ್ನು ಹಿಡಿಯುವುದು? ಅರ್ಧ ಮಾಡುತ್ತಾ ಹೋದರೆ ಸುಮಾರು 14 ಪರೀಕ್ಷೆಯಲ್ಲಿ ಸಿಗುತ್ತದೆ. ಬದಲಾವಣೆಗಳು ಎರಡರಷ್ಟಾದರೆ ಪರೀಕ್ಷೆ ಒಂದೇ ಒಂದು ಹೆಚ್ಚಾಗುತ್ತದೆ.

ಬಳಸುವುದೂ ಸುಲಭ. ‘ಗಿಟ್ ಬೈಸೆಕ್ಟ್ ಸ್ಟಾರ್ಟ್’ ಎಂದು ಶುರುಮಾಡಿ. ಈಗಿನದು ಕೆಟ್ಟಿದೆ ಎನ್ನಲು ‘ಬ್ಯಾಡ್’, ಸರಿಯಿದ್ದ ಹಳೆಯದೊಂದನ್ನು ತೋರಿಸಲು ‘ಗುಡ್’. ಗಿಟ್ ತಾನೇ ನಡುವಿನ ಕೋಡನ್ನು ತೆಗೆದು ಮುಂದಿಡುತ್ತದೆ. ನೀವು ಓಡಿಸಿ ನೋಡಿ ಗುಡ್ ಅಥವಾ ಬ್ಯಾಡ್ ಅನ್ನಬೇಕು, ಅಷ್ಟೇ. ಆ ನಡುವಿನ ಕೋಡ್ ಕಂಪೈಲೇ ಆಗದಿದ್ದರೆ, ಅಂದರೆ ಓಡಿಸುವ ರೂಪಕ್ಕೇ ಬರದಿದ್ದರೆ, ‘ಸ್ಕಿಪ್’.

ನನಗೆ ಇದರ ರುಚಿ ಹತ್ತಿದ್ದು ಒಂದು ಬಿಲ್ಲಿಂಗ್ ಪ್ರೋಗ್ರಾಮಿನಿಂದ. ಜುಲೈ 3ಕ್ಕೆ ಹಣ ಕಟ್ಟಬೇಕಾದ ಗಿರಾಕಿಗಳಿಗೆ ಗಡುವು ಮಾರ್ಚ್ 7ಕ್ಕೇ ಮುಗಿದಿದೆ ಅಂತ ದಂಡ ಬಿದ್ದಿತ್ತು. ತಾರೀಖು, ತಿಂಗಳು ಅದಲುಬದಲಾಗಿದ್ದವು. ಹಿಂದಿನ ವಾರ ಯಾರೂ ಗಮನಿಸಿರಲಿಲ್ಲ. ಯಾಕೆಂದರೆ ಜೂನ್ 25 ಅನ್ನು ತಿರುಗಿಸಿ ಓದಲಾಗದು. 25ನೇ ತಿಂಗಳು ಅನ್ನುವುದೇ ಇಲ್ಲವಲ್ಲ! 12ರೊಳಗಿನ ತಾರೀಖುಗಳಲ್ಲಿ ಮಾತ್ರ ತಪ್ಪು ತಲೆಯೆತ್ತುತ್ತಿತ್ತು.

ಸುಮಾರು 400 ಕಮಿಟ್‌ಗಳಿದ್ದವು. ಒಂದಿಡೀ ದಿನ ತಾರೀಖಿಗೆ ಸಂಬಂಧಪಟ್ಟ ಫೈಲುಗಳನ್ನೇ ಕೆದಕಿದೆವು. ಏನೂ ಇಲ್ಲ. ಸಂಜೆ ಒಬ್ಬ ಸಹೋದ್ಯೋಗಿ ಬೈಸೆಕ್ಟ್ ಹಾಕಿದಳು. ಒಂಬತ್ತನೇ ಹೆಜ್ಜೆಗೆ ಸಿಕ್ಕಿತು. ಯಾರೋ ಒಂದು ಲೈಬ್ರರಿಯನ್ನು (ನಮ್ಮ ಪ್ರೋಗ್ರಾಮ್ ಬಳಸುವ ಸಿದ್ಧ ಕೋಡು) ಹೊಸ ಆವೃತ್ತಿಗೆ ಏರಿಸಿದ್ದರು. ತಾರೀಖಿನ ಫೈಲುಗಳನ್ನು ಆ ಕಮಿಟ್ ಮುಟ್ಟೇ ಇರಲಿಲ್ಲ. ನಾವು ನಮಗೆ ಅನುಮಾನವಿದ್ದ ಕಡೆಯಷ್ಟೇ ಹುಡುಕಿದ್ದೆವು. ಬೈಸೆಕ್ಟ್‌ಗೆ ಯಾರ ಮೇಲೂ ಅನುಮಾನವಿಲ್ಲ, ಅದೇ ಅದರ ಶಕ್ತಿ ಅಂತ ನನಗನ್ನಿಸುವುದು.

ಆದರೆ ಅವಳು ಮಾಡಿದ ಜಾಣತನ ಬೇರೆಯೇ. ಪರೀಕ್ಷೆಗೆ ‘ಇಂದಿನ ತಾರೀಖು’ ಕೊಡದೆ ಜುಲೈ 3 ಅಂತ ಬರೆದಿಟ್ಟಿದ್ದಳು. ಇಂದಿನದನ್ನೇ ಕೊಟ್ಟಿದ್ದರೆ, ತಿಂಗಳ 12 ದಾಟಿದ ಮೇಲೆ ಓಡಿಸಿದಾಗ ಎಲ್ಲವೂ ‘ಗುಡ್’ ಅಂತಲೇ ಬರುತ್ತಿತ್ತು. ಒಂದೇ ಒಂದು ತಪ್ಪು ಉತ್ತರ ಸಾಕು, ಹುಡುಕಾಟ ಬೇರೆ ಅರ್ಧಕ್ಕೆ ಹೋಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಹೆಜ್ಜೆ ಹಾಕಿದರೂ ನಿರಪರಾಧಿಯೇ ಸಿಗುವುದು. ಒಮ್ಮೆ ಬಂದು ಒಮ್ಮೆ ಬಾರದ ತಪ್ಪುಗಳಿಗೆ ಈ ಉಪಾಯ ಕೈಕೊಡುವುದೂ ಇದಕ್ಕೇ. ಅಂಥದ್ದನ್ನು ಪ್ರತಿ ಹೆಜ್ಜೆಯಲ್ಲೂ ಹತ್ತಾರು ಸಲ ಓಡಿಸಿಯೇ ತೀರ್ಪು ಕೊಡಬೇಕು.

ಪರೀಕ್ಷೆಯನ್ನೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಆಗಿ ಬರೆದರೆ ‘ಗಿಟ್ ಬೈಸೆಕ್ಟ್ ರನ್’ ಎಂದು ಹೇಳಿ ಕಾಫಿಗೆ ಎದ್ದು ಹೋಗಬಹುದು. ಸ್ಕ್ರಿಪ್ಟ್ ಮುಗಿಯುವಾಗ 0 ಹಿಂತಿರುಗಿಸಿದರೆ ಗುಡ್, 1 ಅಂದರೆ ಬ್ಯಾಡ್, 125 ಅಂದರೆ ಸ್ಕಿಪ್. ಆ ಸ್ಕ್ರಿಪ್ಟನ್ನು ಪ್ರಾಜೆಕ್ಟಿನ ಫೋಲ್ಡರಿನ ಹೊರಗಿಡಿ. ಇಂದು ಬರೆದು ಕಮಿಟ್ ಮಾಡಿದ ಫೈಲು ಹಿಂದಿನ ತಿಂಗಳ ಕೋಡಿನಲ್ಲಿ ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಬೈಸೆಕ್ಟ್ ಕಮಿಟ್ ತನಕ ಕರೆದುಕೊಂಡು ಹೋಗುತ್ತದೆ, ಅದರೊಳಗಿನ ಸಾಲಿನ ತನಕ ಅಲ್ಲ. ಶುಕ್ರವಾರ ಸಂಜೆ ವಾರದ ಕೆಲಸವನ್ನೆಲ್ಲ ಗಂಟು ಕಟ್ಟಿ 2,000 ಸಾಲಿನ ಒಂದೇ ಕಮಿಟ್ ಮಾಡುವವರಿಗೆ ಇದರಿಂದ ಜಾಸ್ತಿ ಪ್ರಯೋಜನವಿಲ್ಲ.

ಅರ್ಧ ಮಾಡುವ ಈ ಬುದ್ಧಿಗೆ ಗಿಟ್ಟೇ ಬೇಕೆಂದಿಲ್ಲ. 5,000 ಸಾಲಿನ ಸಿಎಸ್‌ವಿ ಫೈಲು (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿಯ ಪಟ್ಟಿ) ಓದುವಾಗ ಪ್ರೋಗ್ರಾಮ್ ಬೀಳುತ್ತಿದ್ದರೆ ಅರ್ಧ ಫೈಲು ಕೊಟ್ಟು ನೋಡಿ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಇದ್ದಕ್ಕಿದ್ದಂತೆ ನಿಧಾನವಾದರೆ ಅದರ ಕಮಾಂಡ್ ಪ್ಯಾಲೆಟ್ಟಿನಲ್ಲಿ (ಆಜ್ಞೆಗಳನ್ನು ಹುಡುಕುವ ಪೆಟ್ಟಿಗೆ) ‘ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್’ ಹುಡುಕಿ. ಅದು ಅರ್ಧ ಎಕ್ಸ್‌ಟೆನ್ಶನ್‌ಗಳನ್ನು (ಎಡಿಟರಿಗೆ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯಗಳು) ನಿಲ್ಲಿಸಿ, ಈಗ ಸರಿಯಾಯಿತಾ ಅಂತ ಕೇಳುತ್ತದೆ. ಮೂವತ್ತು ಹಾಕಿಕೊಂಡಿದ್ದರೂ ಐದಾರು ಪ್ರಶ್ನೆಯಲ್ಲಿ ಕಳ್ಳ ಸಿಗುತ್ತಾನೆ.

ಎಲ್ಲ ಮುಗಿದ ಮೇಲೆ ‘ಗಿಟ್ ಬೈಸೆಕ್ಟ್ ರೀಸೆಟ್’ ಹೊಡೆಯಬೇಕು, ಇಲ್ಲದಿದ್ದರೆ ಹಳೇ ಕೋಡಿನ ಮೇಲೇ ಕೂತಿರುತ್ತೀರಿ. ನಾನೊಮ್ಮೆ ಮರೆತು ಅರ್ಧ ದಿನ ಅಲ್ಲೇ ಕೆಲಸ ಮಾಡಿ, ಕಮಿಟ್ಟೂ ಮಾಡಿ, ಆಮೇಲೆ ಮುಖ್ಯ ಬ್ರಾಂಚಿಗೆ (ಕೋಡಿನ ಮುಖ್ಯ ಕವಲು) ಬಂದು ನೋಡಿದರೆ ಏನೂ ಇಲ್ಲ. ಎದೆ ಧಸಕ್ಕೆಂದಿತು. ನಾವು ಯಾವ್ಯಾವ ಕಮಿಟ್ ಮೇಲೆ ಕೂತಿದ್ದೆವು ಅಂತ ತೋರಿಸುವ ‘ಗಿಟ್ ರಿಫ್‌ಲಾಗ್’ ಹೊಡೆದಾಗ ಪಟ್ಟಿಯಲ್ಲಿ ಆ ಕಮಿಟ್ ಸುಮ್ನೆ ಕೂತಿತ್ತು. ಯಾವ ಬ್ರಾಂಚಿಗೂ ಸೇರದ ಇಂಥ ಅನಾಥ ಕಮಿಟ್‌ಗಳ ಗುರುತನ್ನು ಗಿಟ್, ಸೆಟ್ಟಿಂಗ್ ಬದಲಿಸದಿದ್ದರೆ, 30 ದಿನ ಇಟ್ಟುಕೊಂಡಿರುತ್ತದೆ.