ಮಾಂಸದ ಗುಣ: ತಳಿಯದ್ದೋ, ಮೇವಿನದ್ದೋ?

ಕೆಲವು ಕೋಳಿಗಳ ಚರ್ಮ ಹಳದಿ, ಕೆಲವದ್ದು ಬಿಳಿ. ಯಾಕೆ ಅಂತ ಇಬ್ಬರನ್ನು ಕೇಳಿದರೆ ಒಬ್ಬರು ‘ತಳಿಯೇ ಹಾಗೆ’ ಅನ್ನುತ್ತಾರೆ, ಇನ್ನೊಬ್ಬರು ‘ಹಳದಿ ಮೆಕ್ಕೆಜೋಳ ತಿಂದಿದೆ, ಅದಕ್ಕೆ’ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಉತ್ತರವಿದೆ.

ಆ ಹಳದಿ ಬಣ್ಣವನ್ನು ಕೋಳಿ ತಾನೇ ತಯಾರಿಸುವುದಿಲ್ಲ. ಅದು ಗಿಡಗಳಲ್ಲಿ ಹುಟ್ಟುವ ಕೆರೋಟಿನಾಯ್ಡ್ ಎಂಬ ವಸ್ತು. ಮೆಕ್ಕೆಜೋಳ, ಹಸಿರು ಸೊಪ್ಪು ತಿಂದಾಗ ಮೈ ಸೇರುತ್ತದೆ. ಬಿಳಿ ಚರ್ಮದ ಕೋಳಿಯಲ್ಲಿ ಬಿಸಿಒ2 ಎಂಬ ಜೀನ್ ಚರ್ಮದಲ್ಲೇ ಕೆಲಸ ಮಾಡುತ್ತಾ ಈ ಬಣ್ಣವನ್ನು ಒಡೆದುಹಾಕುತ್ತದೆ. ಹಳದಿ ಚರ್ಮದ ಕೋಳಿಯಲ್ಲಿ ಅದೇ ಜೀನ್ ಚರ್ಮದ ಮಟ್ಟಿಗೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಹಾಗಾಗಿ ಹಳದಿ ತಳಿಗೆ ಬಣ್ಣವಿಲ್ಲದ ಮೇವು ಹಾಕಿ ಬೆಳೆಸಿದರೆ ಚರ್ಮ ಬಿಳಿಚಿಕೊಂಡೇ ಇರುತ್ತದೆ. ಬಿಳಿ ತಳಿಗೆ ಎಷ್ಟು ಮೆಕ್ಕೆಜೋಳ ಹಾಕಿದರೂ ಅದು ಹಳದಿ ತಳಿಯ ಹಾಗೆ ಆಗುವುದಿಲ್ಲ. ಅಂದಹಾಗೆ, ಸಾಕುಕೋಳಿಗೆ ಕೆಂಪು ಕಾಡುಕೋಳಿಯೊಂದೇ ಮೂಲ ಎಂದು ಡಾರ್ವಿನ್ ನಂಬಿದ್ದರು. ಹಳದಿ ಚರ್ಮದ ಗುಣ ಮಾತ್ರ ಬೂದು ಕಾಡುಕೋಳಿಯಿಂದ ಬಂದಿದ್ದು ಎಂದು 2008ರಲ್ಲಿ ಗೊತ್ತಾಯಿತು.

ಮಾಂಸದ ಗುಣದ ಬಗ್ಗೆ ಮಾತು ಬಂದಾಗೆಲ್ಲ ತಳಿಯ ಪಾಲೆಷ್ಟು, ಮೇವಿನ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಚಪ್ಪಾಳೆಯ ಸದ್ದಿನಲ್ಲಿ ಬಲಗೈ ಪಾಲೆಷ್ಟು, ಎಡಗೈ ಪಾಲೆಷ್ಟು ಅಂತ ಕೇಳಿದ ಹಾಗೆ ಅದು. ಕೆಲವು ಗುಣಗಳಿಗೆ ಲೆಕ್ಕ ಹಾಕಬಹುದು, ನಿಜ. ಆದರೆ ಕುತೂಹಲ ಹುಟ್ಟಿಸುವ ಬಹುಪಾಲು ಸಂಗತಿಗಳು ಇವೆರಡೂ ಸೇರುವ ಜಾಗದಲ್ಲೇ ಇವೆ.

ಕೊಬ್ಬನ್ನೇ ನೋಡಿ. ಹಂದಿ, ಕೋಳಿಗಳು ತಿಂದ ಎಣ್ಣೆ ಹೆಚ್ಚು ಬದಲಾಗದೆ ಅವುಗಳ ಕೊಬ್ಬಿಗೆ ಸೇರುತ್ತದೆ. ಹಂದಿಗೆ ಕಡಲೆಕಾಯಿ ಜಾಸ್ತಿ ಹಾಕಿದರೆ ಅದರ ಕೊಬ್ಬು ಮೆತ್ತಗಾಗಿ, ಕತ್ತರಿಸುವಾಗ ಜಾರುತ್ತದೆ. ಅಗಸೆ ಬೀಜ ಹಾಕಿದರೆ ಒಮೆಗಾ-3 ಎಂಬ ಕೊಬ್ಬಿನಂಶ ಹೆಚ್ಚುತ್ತದೆ. ಸ್ಪೇನಿನ ಐಬೀರಿಯನ್ ಹಂದಿಗಳನ್ನು ಕೊನೆಯ ಕೆಲವು ತಿಂಗಳು ಓಕ್ ಮರಗಳ ಕಾಡಿನಲ್ಲಿ ಮೇಯಲು ಬಿಡುತ್ತಾರೆ. ಉದುರಿದ ಓಕ್ ಕಾಯಿಗಳ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಎಂಬ ಕೊಬ್ಬಿನಂಶ ತುಂಬಾ ಇರುತ್ತದೆ. ಆಲಿವ್ ಎಣ್ಣೆಯಲ್ಲಿ ಹೆಚ್ಚಾಗಿ ಇರುವುದೂ ಇದೇ. ಹಂದಿಯ ಕೊಬ್ಬಿನ ಅರ್ಧಕ್ಕಿಂತ ಹೆಚ್ಚು ಭಾಗ ಇದೇ ಆಗಿಬಿಡುತ್ತದೆ. ಬೇಗ ಕೊಬ್ಬು ತುಂಬಿಕೊಳ್ಳುವುದು ಆ ತಳಿಯ ಹುಟ್ಟುಗುಣ. ಸಣಕಲು ಮೈಗಾಗಿಯೇ ಆರಿಸಿದ ಹಂದಿಯನ್ನು ಅದೇ ಕಾಡಿಗೆ ಬಿಟ್ಟರೆ ಆ ಮಾಂಸ ಸಿಗುವುದಿಲ್ಲ.

ದನ, ಕುರಿ, ಮೇಕೆಗಳ ಕತೆಯೇ ಬೇರೆ. ಮೆಲುಕು ಹಾಕುವ ಈ ಪ್ರಾಣಿಗಳು ತಿಂದದ್ದೆಲ್ಲ ಮೊದಲು ರೂಮೆನ್ ಎಂಬ ದೊಡ್ಡ ಹೊಟ್ಟೆಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಎಣ್ಣೆಯ ಅಣುಗಳಿಗೆ ಹೈಡ್ರೋಜನ್ ಸೇರಿಸಿ, ಮೆತ್ತನೆಯ ಕೊಬ್ಬನ್ನು ಗಟ್ಟಿ ಕೊಬ್ಬಾಗಿ ಬದಲಿಸುತ್ತವೆ. ಅದಕ್ಕೇ ದನದ, ಕುರಿಯ ಕೊಬ್ಬು ತಣ್ಣಗಾದ ಕೂಡಲೇ ಹೆಪ್ಪುಗಟ್ಟುತ್ತದೆ. ಅಗಸೆ ಬೀಜ ಹಾಕಿದರೂ ಅದರ ಒಮೆಗಾ-3ಯಲ್ಲಿ ಸ್ವಲ್ಪ ಮಾತ್ರ ಈ ಹೊಟ್ಟೆಯನ್ನು ದಾಟುತ್ತದೆ. ಹುಲ್ಲು ಮೇಯ್ದ ದನದ ಮಾಂಸದಲ್ಲಿ ಕಾಳು ತಿಂದದ್ದಕ್ಕಿಂತ ಒಮೆಗಾ-3 ಹೆಚ್ಚಿರುವುದು ನಿಜವೇ. ಆದರೆ ಭೂತಾಯಿಯಂಥ ಎಣ್ಣೆ ಮೀನಿನ ಮುಂದೆ ಆ ಪ್ರಮಾಣ ಏನೇನೂ ಅಲ್ಲ. ಜಾಹೀರಾತಿನವರು ಈ ಎರಡನೇ ಮಾತನ್ನು ಹೇಳುವುದಿಲ್ಲ ಅಷ್ಟೆ.

ಹುಲ್ಲು ಮೇಯ್ದ ದನದ ಕೊಬ್ಬು ಹಳದಿಯಾಗುತ್ತದೆ. ಹುಲ್ಲಿನ ಕೆರೋಟಿನ್ ಅಲ್ಲಿ ಶೇಖರವಾಗುವುದೇ ಕಾರಣ. ಪಕ್ಕದಲ್ಲೇ ಅದೇ ಹುಲ್ಲು ಮೇಯ್ದ ಮೇಕೆಯ ಕೊಬ್ಬು ಬೆಳ್ಳಗೇ ಇರುತ್ತದೆ. ಕುರಿಗಳದ್ದೂ ಸಾಮಾನ್ಯವಾಗಿ ಹಾಗೇ. ಆದರೆ ಕೆಲವು ಕುರಿಗಳ ಕೊಬ್ಬು ಹಳದಿ. ಹುಡುಕಿ ನೋಡಿದರೆ ಅಲ್ಲಿ ಕೆಟ್ಟುಹೋಗಿರುವುದು ಕೋಳಿಯಲ್ಲಿ ಕಂಡ ಅದೇ ಬಿಸಿಒ2 ಜೀನ್.

ತಳಿಯ ಹೆಸರಿಗೇ ದುಡ್ಡು ಕೊಡುವ ಮಾಂಸ ಅಂದರೆ ಜಪಾನಿನ ವಾಗ್ಯು. ಅದರ ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಬಿಳಿ ಗೆರೆಗಳ ಹಾಗೆ ಹರಡಿರುತ್ತದೆ. ಕೆಲವು ತುಂಡುಗಳಲ್ಲಿ ಶೇಕಡಾ 30ಕ್ಕಿಂತಲೂ ಹೆಚ್ಚು ಕೊಬ್ಬೇ ಇರುತ್ತದೆ. ಎಲ್ಲಾ ತಳಿಯ ಮಹಿಮೆ ಅನ್ನಿಸುತ್ತದೆ, ಅಲ್ವಾ? ತಳಿ ಬೇಕೇ ಬೇಕು. ಆದರೆ ಅದರ ಜೊತೆ ತಿಂಗಳುಗಟ್ಟಲೆ ಕಾಳಿನ ಮೇವೂ ಬೇಕು. ಇದರ ಹಿಂದೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಉಪಾಯವೂ ಇದೆ. ಮೈ ತುಂಬಿಸುವ ಕಾಲದ ಒಂದು ಹಂತದಲ್ಲಿ ಮೇವಿನಲ್ಲಿ ವಿಟಮಿನ್ ಎ ಕಡಿಮೆ ಮಾಡುತ್ತಾರೆ. ವಿಟಮಿನ್ ಎ ಇಂದ ಆಗುವ ಒಂದು ವಸ್ತು ಎಳೆಯ ಜೀವಕೋಶಗಳು ಕೊಬ್ಬಿನ ಕೋಶಗಳಾಗುವುದನ್ನು ತಡೆಯುತ್ತದೆ. ಆ ತಡೆ ಸಡಿಲವಾದರೆ ಸ್ನಾಯುವಿನೊಳಗೆ ಕೊಬ್ಬು ಹೆಚ್ಚುತ್ತದೆ. ಕಡಿಮೆ ಮಾಡುವುದು ಅತಿಯಾದರೆ ದನಕ್ಕೆ ಕಣ್ಣೇ ಕಾಣದ ಹಾಗಾಗುತ್ತದೆ. ಈ ಮಾಂಸವನ್ನು ಹೊಗಳುವಾಗ ಈ ಮಾತೂ ನೆನಪಿರಲಿ ಅನ್ನುವುದು ನನ್ನ ಅಭಿಪ್ರಾಯ.

ದನಗಳಲ್ಲಿ ಈ ಒಳಗೊಬ್ಬಿನ ಅನುವಂಶೀಯತೆ ಸುಮಾರು ಶೇಕಡಾ 40 ಎಂದು ತಳಿ ತಜ್ಞರು ಹೇಳುತ್ತಾರೆ. ಇದನ್ನು ಓದಿದವರು ‘ಓಹೋ, 40 ತಳಿಯದ್ದು, 60 ಮೇವಿನದ್ದು’ ಅಂದುಕೊಳ್ಳುತ್ತಾರೆ. ಆ ಸಂಖ್ಯೆ ಹೇಳುವುದು ಅದನ್ನಲ್ಲ. ಒಂದೇ ರೀತಿ ಸಾಕಿದ ಒಂದು ಹಿಂಡಿನಲ್ಲಿ ಒಂದು ದನಕ್ಕೂ ಇನ್ನೊಂದಕ್ಕೂ ಕಾಣುವ ವ್ಯತ್ಯಾಸವಿದೆಯಲ್ಲ, ಅದರಲ್ಲಿ ಎಷ್ಟು ಜೀನ್‌ಗಳಿಂದ ಬಂದಿದೆ ಎನ್ನುವುದನ್ನಷ್ಟೇ ಅದು ಹೇಳುತ್ತದೆ. ಹಿಂಡು ಬದಲಾದರೆ, ಮೇವು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ತಳಿಯ ಬಲವನ್ನು ನೇರವಾಗಿ ತೋರಿಸಿದ ಒಂದು ಒಳ್ಳೆಯ ಪ್ರಯೋಗ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ್ದು. 1957ರ ಕಾಲದ, 1978ರ ಕಾಲದ ಮತ್ತು 2005ರ ಬ್ರಾಯ್ಲರ್ ತಳಿಗಳನ್ನು ಅವರು ಒಟ್ಟಿಗೆ ಒಂದೇ ಮೇವು ಹಾಕಿ ಸಾಕಿದರು. 56 ದಿನಕ್ಕೆ ಮೊದಲನೆಯದು ಸರಾಸರಿ 905 ಗ್ರಾಂ, ಎರಡನೆಯದು 1,808 ಗ್ರಾಂ, ಮೂರನೆಯದು 4,202 ಗ್ರಾಂ ತೂಗಿತು. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಮೇವು ಒಂದೇ ಆದ್ದರಿಂದ ಈ ವ್ಯತ್ಯಾಸ ತಳಿಯದ್ದು. ಇಷ್ಟು ವೇಗದ ಬೆಳವಣಿಗೆಗೆ ಬೆಲೆಯೂ ಇದೆ. ಇಂಥ ಕೋಳಿಗಳ ಎದೆ ಮಾಂಸದಲ್ಲಿ ಬಿಳಿ ಗೆರೆಗಳು, ಮರದ ಹಾಗೆ ಗಡಸಾಗುವ ದೋಷ ಈಗ ಸಾಮಾನ್ಯ. ಆರಿಸುವಾಗ ನೋಡಿದ್ದು ತಕ್ಕಡಿಯನ್ನು, ನಾಲಿಗೆಯನ್ನಲ್ಲ.

ಹಾಗಂತ ಸ್ನಾಯು ಹೆಚ್ಚಾದರೆ ಮಾಂಸ ಕೆಡಲೇಬೇಕು ಅಂತೇನಿಲ್ಲ. ಬೆಲ್ಜಿಯನ್ ಬ್ಲೂ ಎಂಬ ದನದಲ್ಲಿ ಸ್ನಾಯು ಬೆಳೆಯುವುದನ್ನು ತಡೆಯುವ ಮಯೋಸ್ಟ್ಯಾಟಿನ್ ಎಂಬ ಪ್ರೊಟೀನು ಕೆಲಸ ಮಾಡುವುದಿಲ್ಲ. ಮೈ ತುಂಬ ಉಬ್ಬಿದ ಸ್ನಾಯು, ಕೊಬ್ಬು ಕಡಿಮೆ. ಸ್ನಾಯುಗಳನ್ನು ಹಿಡಿದಿಡುವ ಅಂಟುನಾರೂ ಕಡಿಮೆ ಇರುವುದರಿಂದ ಮಾಂಸ ಮೃದು. ಕಷ್ಟವೆಲ್ಲ ತಾಯಿ ಹಸುವಿಗೆ. ಕರು ದೊಡ್ಡದಾಗಿ, ಹೆರಿಗೆಗೆ ಹೆಚ್ಚಾಗಿ ಹೊಟ್ಟೆ ಕೊಯ್ಯಬೇಕಾಗುತ್ತದೆ. ಇದಕ್ಕೆ ತದ್ವಿರುದ್ಧದ ಉದಾಹರಣೆ 1983ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಸಿಕ್ಕಿತು. ಒಂದು ಟಗರಿಗೆ ಹಿಂಭಾಗ ಅಸಾಧಾರಣವಾಗಿ ತುಂಬಿಕೊಂಡಿತ್ತು. ಅದರ ಮರಿಗಳಿಗೂ ಆ ಗುಣ ಬಂತು. ಎಲ್ಲರೂ ಖುಷಿಪಟ್ಟರು. ಮಾಂಸ ಬೇಯಿಸಿದರೆ ಜಗಿಯಲಾಗದಷ್ಟು ಗಟ್ಟಿ! ಪ್ರಾಣಿ ಸತ್ತ ಮೇಲೆ ಕ್ಯಾಲ್ಪೇನ್ ಎಂಬ ಕಿಣ್ವ ಸ್ನಾಯುವಿನ ಎಳೆಗಳನ್ನು ತುಂಡು ಮಾಡುತ್ತಾ ಹೋಗುತ್ತದೆ. ಮಾಂಸವನ್ನು ಕೆಲವು ದಿನ ತಣ್ಣಗೆ ಇಟ್ಟರೆ ಮೆತ್ತಗಾಗುವುದು ಇದರಿಂದ. ಕ್ಯಾಲ್ಪಾಸ್ಟಾಟಿನ್ ಎಂಬ ಇನ್ನೊಂದು ಪ್ರೊಟೀನು ಈ ಕಿಣ್ವವನ್ನು ತಡೆಯುತ್ತದೆ. ಆ ಟಗರಿನ ಸಂತತಿಯಲ್ಲಿ ಈ ತಡೆ ಹೆಚ್ಚಾಗಿತ್ತು.

ಹಂದಿಗಳಲ್ಲಿ ಇನ್ನೂ ವಿಚಿತ್ರ ನಡೆಯಿತು. ಸಣಕಲು ಮೈ, ದಪ್ಪ ಸ್ನಾಯು ಬೇಕೆಂದು ತಲೆಮಾರುಗಟ್ಟಲೆ ಆರಿಸುತ್ತಾ ಹೋದಾಗ ತಳಿಗಾರರಿಗೆ ಗೊತ್ತಿಲ್ಲದೆ ಒಂದು ಜೀನ್ ದೋಷವೂ ಜೊತೆಗೆ ಬಂತು. ಆ ಹಂದಿಗಳು ಗಾಬರಿಯಾದರೆ ಸಾಕು, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಸೋರಿ, ಮೈ ಸೆಟೆದು ಬಿಸಿಯಾಗುತ್ತಿತ್ತು. ಸಾಗಿಸುವಾಗಲೇ ಕೆಲವು ಸಾಯುತ್ತಿದ್ದವು. ಮಾಂಸದ ಗತಿಯನ್ನು ತಿಳಿಯಲು ಸ್ವಲ್ಪ ರಸಾಯನ ಬೇಕು. ಪಿಎಚ್ ಅಂದರೆ ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಬದುಕಿರುವ ಸ್ನಾಯುವಿನ ಪಿಎಚ್ ಸುಮಾರು 7. ಸತ್ತ ಮೇಲೆ ಅಲ್ಲಿ ಉಳಿದ ಗ್ಲೈಕೋಜನ್ (ಸ್ನಾಯು ಕೂಡಿಟ್ಟುಕೊಂಡ ಸಕ್ಕರೆಯ ರೂಪ) ಲ್ಯಾಕ್ಟಿಕ್ ಆಮ್ಲವಾಗಿ, ಪಿಎಚ್ ನಿಧಾನವಾಗಿ 5.5ರ ಹತ್ತಿರಕ್ಕೆ ಇಳಿಯುತ್ತದೆ. ಈ ಹಂದಿಗಳಲ್ಲಿ ಮೈ ಇನ್ನೂ ಬಿಸಿ ಇರುವಾಗಲೇ ಅದು ಸರ್ರನೆ ಇಳಿದುಬಿಡುತ್ತದೆ. ಬಿಸಿ, ಹುಳಿ ಎರಡೂ ಸೇರಿ ಪ್ರೊಟೀನು ಹಾಳಾಗುತ್ತದೆ. ಮಾಂಸ ಬಿಳಿಚಿ, ಮೆತ್ತಗಾಗಿ, ನೀರು ಬಿಡುತ್ತದೆ. 1991ರಲ್ಲಿ ಆ ಜೀನ್ ಸಿಕ್ಕಿತು. ಡಿಎನ್‌ಎ ಪರೀಕ್ಷೆ ಮಾಡಿ ಬಹಳಷ್ಟು ಹಿಂಡುಗಳಿಂದ ಅದನ್ನು ತೆಗೆದುಹಾಕಿದರು. ಗಮನಿಸಿ: ಜೀನ್ ಇದ್ದರೂ ಹಂದಿ ನೆಮ್ಮದಿಯಾಗಿದ್ದರೆ ಹಾನಿ ಕಡಿಮೆ. ದೋಷವಿಲ್ಲದ ಹಂದಿಯನ್ನೂ ಕೊನೆಯ ಕ್ಷಣಗಳಲ್ಲಿ ಬೆದರಿಸಿದರೆ ಮಾಂಸ ಕೆಡಬಹುದು.

ಇದರ ಉಲ್ಟಾವೂ ಉಂಟು. ಕೊಯ್ಯುವ ಮೊದಲೇ ಪ್ರಾಣಿ ಹಸಿದು, ದಣಿದು, ಹೊಡೆದಾಡಿ ಗ್ಲೈಕೋಜನ್ ಖರ್ಚು ಮಾಡಿಕೊಂಡಿದ್ದರೆ ಆಮ್ಲ ಸಾಕಷ್ಟು ಆಗುವುದಿಲ್ಲ. ಮಾಂಸ ಕಪ್ಪಾಗಿ ಒಣಗಿದ ಹಾಗೆ ಕಾಣುತ್ತದೆ, ಬೇಗ ಕೆಡುತ್ತದೆ. ವರ್ಷಗಟ್ಟಲೆ ಒಳ್ಳೆಯ ಮೇವು ಹಾಕಿದ್ದು ಒಂದೇ ದಿನದಲ್ಲಿ ಹೋಯಿತು!

ತಳಿಗಾರರ ಮುಂದೆ ಇನ್ನೊಂದು ತೊಡಕಿದೆ. ಮಾಂಸ ಎಷ್ಟು ಮೃದು ಎಂದು ಸರಿಯಾಗಿ ಅಳೆಯುವುದು ಪ್ರಾಣಿ ಸತ್ತ ಮೇಲೆಯೇ. ಮೃದು ಎಂದು ಗೊತ್ತಾದ ಹೋರಿಯಿಂದ ಆಗ ಕರು ಪಡೆಯುವುದು ಹೇಗೆ? ಹಿಂದೆ ಅದರ ಮಕ್ಕಳನ್ನು, ಅಣ್ಣತಮ್ಮಂದಿರನ್ನು ಕೊಯ್ದು ಅಂದಾಜು ಮಾಡಬೇಕಿತ್ತು. ಈಗ ಎಳೆಗರುವಿನ ಕೂದಲ ಬುಡದಿಂದ ಡಿಎನ್‌ಎ ತೆಗೆದು, ಸಾವಿರಾರು ಗುರುತುಗಳನ್ನು ಒಟ್ಟಿಗೆ ಓದಿ ಅಂದಾಜು ಮಾಡುತ್ತಾರೆ. ಆ ಅಂದಾಜಿಗೆ ಆಧಾರ ಮಾತ್ರ ಹಿಂದೆ ಕೊಯ್ದ ಪ್ರಾಣಿಗಳ ದಾಖಲೆಯೇ. ಆ ಪ್ರಾಣಿಗಳೆಲ್ಲ ಕಾಳು ತಿಂದು ಬೆಳೆದಿದ್ದರೆ, ಬರೀ ಹುಲ್ಲು ಮೇಯುವ ಹಿಂಡಿನಲ್ಲಿ ಅದೇ ಅಂದಾಜು ಅಷ್ಟೇ ಚೆನ್ನಾಗಿ ಹೊಂದುತ್ತದೆ ಎಂದು ಹೇಳಲಾಗದು. ಅಲ್ಲಿಯ ದಾಖಲೆಗಳನ್ನು ಬೇರೆಯಾಗಿಯೇ ಕೂಡಿಸಬೇಕು.