ಪೊಟ್ಟಣದ ಪಾಸ್ತಾ ಊಟದಲ್ಲಿ ಹಾಲು ಮಾಡುವ ಕೆಲಸವೇನು?

ಅಮೆರಿಕದ ಅಡುಗೆಮನೆಗಳಲ್ಲಿ ಅರ್ಧ ಶತಮಾನದಿಂದ ಬೇಯುತ್ತಿರುವ ಊಟವೊಂದಿದೆ. ಪೊಟ್ಟಣದಲ್ಲಿ ಒಣ ಪಾಸ್ತಾ ಮತ್ತು ಸಾಸ್‌ನ ಪುಡಿ ಇರುತ್ತವೆ. ಕೊಂಡವರು ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ದನದ ಕೀಮಾವನ್ನು ಹುರಿದು, ಬಿಟ್ಟುಕೊಂಡ ಜಿಡ್ಡನ್ನು ಬಸಿದು, ಬಿಸಿನೀರು, ಹಾಲು, ಪುಡಿ, ಪಾಸ್ತಾ ಎಲ್ಲವನ್ನೂ ಅದೇ ಬಾಣಲೆಗೆ ಹಾಕಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಈ ಬಗೆಯಲ್ಲಿ ಹೆಸರಾದ ಹ್ಯಾಂಬರ್ಗರ್ ಹೆಲ್ಪರ್ ಅನ್ನು ಜನರಲ್ ಮಿಲ್ಸ್ ಕಂಪನಿ 1971ರಲ್ಲಿ ಅಮೆರಿಕದಾದ್ಯಂತ ಮಾರಾಟಕ್ಕೆ ತಂದಿತು. ಮಾಂಸದ ಬೆಲೆ ಏರುತ್ತಿದ್ದ ಕಾಲವದು. 1973ರ ಏಪ್ರಿಲ್‌ನಲ್ಲಿ ಅಲ್ಲಿನ ಗೃಹಿಣಿಯರು ಮಾಂಸ ಕೊಳ್ಳುವುದನ್ನೇ ಬಹಿಷ್ಕರಿಸಿದ್ದರು. ಒಂದು ಪೌಂಡ್ ಕೀಮಾದಲ್ಲಿ ಇಡೀ ಮನೆಗೆ ಉಣಬಡಿಸುವ ಪೊಟ್ಟಣಕ್ಕೆ ಅಂಥ ಹೊತ್ತಿನಲ್ಲಿ ಗಿರಾಕಿಗಳು ಸಿಕ್ಕಿದ್ದು ಸಹಜ.

ಫ್ರಿಜ್‌ನಲ್ಲಿ ಹಾಲಿಲ್ಲದ ದಿನ ಈ ಊಟ ಕೆಟ್ಟೇ ಹೋಗುತ್ತದೆ, ಏಕೆಂದರೆ ಸಾಸ್ ಮಂದವಾಗುವುದು ಹಾಲಿನಿಂದ ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ತಪ್ಪು. ಹಾಲಿನ ನೂರು ಭಾಗದಲ್ಲಿ ಸುಮಾರು 87 ಭಾಗ ನೀರೇ ಇರುತ್ತದೆ. ಒಂದು ಕಪ್ ಗಟ್ಟಿ ಹಾಲಿನಲ್ಲಿ ಕೊಬ್ಬು ಸುಮಾರು 8 ಗ್ರಾಂ, ಪ್ರೋಟೀನ್ 8 ಗ್ರಾಂ, ಸಕ್ಕರೆ 12 ಗ್ರಾಂ. ಇಷ್ಟು ಅಲ್ಪ ಸರಕು ಒಂದು ಬಾಣಲೆ ಸಾಸನ್ನು ಮಂದ ಮಾಡಲಾರದು.

ಮಂದ ಮಾಡುವುದು ಪಿಷ್ಟ. ಪುಡಿಯಲ್ಲಿರುವ ಮೆಕ್ಕೆಜೋಳದ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಮರಳಿನಂತೆ ತಳಕ್ಕೆ ಕೂರುತ್ತವೆ. ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ನೀರು ಕಣದೊಳಗೆ ನುಗ್ಗುತ್ತದೆ, ಕಣವು ನೆನೆದ ಸಬ್ಬಕ್ಕಿಯ ಹಾಗೆ ಹಲವು ಪಟ್ಟು ಉಬ್ಬುತ್ತದೆ. ಜಾತ್ರೆಯ ಬೀದಿಯಲ್ಲಿ ಪ್ರತಿಯೊಬ್ಬರೂ ಕೊಡೆ ಬಿಚ್ಚಿದರೆ ನಡೆಯಲು ಜಾಗವೇ ಉಳಿಯದಂತೆ, ಉಬ್ಬಿದ ಕಣಗಳ ನಡುವೆ ನೀರಿಗೆ ಸರಾಗವಾಗಿ ಹರಿಯಲು ದಾರಿ ಇರುವುದಿಲ್ಲ. ಜೊತೆಗೆ ಕಣಗಳಿಂದ ಅಮೈಲೋಸ್ ಎಂಬ ಉದ್ದನೆಯ ಎಳೆಗಳು ಹೊರಬಿದ್ದು, ಆರುತ್ತಾ ಬಂದಂತೆ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಅನ್ನ ಬಸಿದ ಗಂಜಿ ಆರಿದ ಮೇಲೆ ಕೆನೆಗಟ್ಟುವುದೂ, ಅದೇ ಗಂಜಿಯಲ್ಲಿ ಅದ್ದಿದ ಹತ್ತಿ ಸೀರೆ ಒಣಗಿ ಗರಿಗರಿಯಾಗುವುದೂ, ಬಿಸಿಯಿರುವಾಗ ಕುಡಿಯುವಂತಿದ್ದ ರಾಗಿ ಅಂಬಲಿ ತಣಿದು ಮುದ್ದೆಯಾಗುವುದೂ ಈ ಎಳೆಗಳ ಕೆಲಸವೇ. ಪಾಸ್ತಾವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ ಬಸಿದರೆ ಅದರ ಗಂಜಿ ಚರಂಡಿಯ ಪಾಲಾಗುತ್ತದೆ. ಪೊಟ್ಟಣದ ಊಟದಲ್ಲಿ ಅದೂ ಬಾಣಲೆಯಲ್ಲೇ ಉಳಿದು ಸಾಸ್‌ಗೆ ಸೇರುತ್ತದೆ. ಒಲೆಯ ಮೇಲಿರುವಾಗ ಸಾಸ್ ನೀರುನೀರಾಗಿ ಕಂಡರೆ ಹಾಲು ಹಾಕದ್ದೇ ಕಾರಣವೆಂದು ಮರುಗುವ ಬದಲು, ಉರಿ ಆರಿಸಿ ಐದು ನಿಮಿಷ ಬಿಟ್ಟು ನೋಡಬೇಕು.

ಹಾಗಾದರೆ ಹಾಲಿನ ಪಾತ್ರ ರುಚಿಯದು, ನಾಲಿಗೆಗೆ ಸಿಗುವ ನುಣುಪಿನದು. ಫ್ರಾನ್ಸಿನ ಓಗಸ್ಟ್ ಗೋಲಾಂ 1899ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಾಲನ್ನು ಕಿರಿದಾದ ಸಂದಿಗಳ ಮೂಲಕ ಒತ್ತಡದಿಂದ ನೂಕಿ, ಕೊಬ್ಬಿನ ಹನಿಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಒಡೆಯುತ್ತದೆ. ಪ್ರೋಟೀನಿನ ಹೊದಿಕೆ ಹೊತ್ತ ಆ ಹನಿಗಳು ಮೇಲೆ ತೇಲಿ ಬರದೆ ಸಾಸ್‌ನಲ್ಲೆಲ್ಲ ಸಮನಾಗಿ ಹರಡಿಕೊಳ್ಳುತ್ತವೆ. ಒಂದು ಕಪ್ ಹಾಲಿನ ಬದಲಿಗೆ ಮುಕ್ಕಾಲು ಕಪ್ಪಿಗಿಂತ ತುಸು ಹೆಚ್ಚು ನೀರು ಹಾಕಿ, ಕೊನೆಯಲ್ಲಿ ಎರಡು ಟೀ ಚಮಚ ಬೆಣ್ಣೆ ಕದಡಿದರೆ ಕೊಬ್ಬಿನ ಲೆಕ್ಕ ಸರಿಹೋಗುತ್ತದೆ; ಆ ಹೊತ್ತಿಗೆ ಮಂದವಾಗಿರುವ ಪಿಷ್ಟವೇ ಬೆಣ್ಣೆಯ ಹನಿಗಳನ್ನು ಹಿಡಿದಿಡುತ್ತದೆ.

ಇದಕ್ಕಿಂತ ಒಳ್ಳೆಯ ಬದಲಿ ಹಾಲಿನ ಪುಡಿ, ಇಲ್ಲವೇ ಡಬ್ಬಿಯಲ್ಲಿ ಸಿಗುವ ಸಕ್ಕರೆಯಿಲ್ಲದ ಬತ್ತಿಸಿದ ಹಾಲು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಜಾನ್ ಮೆಯೆನ್‌ಬರ್ಗ್ 1885ರಲ್ಲಿ ಇಲಿನಾಯ್ ರಾಜ್ಯದ ಹೈಲ್ಯಾಂಡ್ ಎಂಬ ಊರಿನಲ್ಲಿ ತಯಾರಿಸತೊಡಗಿದ ಈ ಹಾಲಿನಲ್ಲಿ, ಇದ್ದ ನೀರಿನ ನೂರು ಭಾಗದಲ್ಲಿ ಸುಮಾರು 60 ಭಾಗವನ್ನು ತೆಗೆದಿರುತ್ತಾರೆ. ಅಷ್ಟೇ ಅಳತೆಯ ನೀರು ಬೆರೆಸಿದರೆ ಮಾಮೂಲು ಹಾಲಿನ ಬದಲಿಗೆ ಬಳಸಬಹುದು. ಗೇಲ್ ಬೋರ್ಡನ್ 1856ರಲ್ಲಿ ಪೇಟೆಂಟ್ ಪಡೆದ ಕಂಡೆನ್ಸ್ಡ್ ಮಿಲ್ಕ್ ಬೇರೆ. ಇಂದು ಆ ಹೆಸರಿನ ಡಬ್ಬಿಯಲ್ಲಿರುವುದು ಪಾಯಸಕ್ಕೆ ಒಗ್ಗುವಷ್ಟು ಸಿಹಿ ಹಾಲು. ಅದನ್ನು ಕೀಮಾಕ್ಕೆ ಸುರಿದರೆ ಊಟ ಬಾಯಿಗೆ ಇಡುವಂತಿರುವುದಿಲ್ಲ.

ಹುಳಿ ಇರುವ ಬದಲಿಗಳಲ್ಲಿ ಎಚ್ಚರ ಬೇಕು. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನ ಕಣಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಹೊತ್ತು ಪರಸ್ಪರ ದೂರ ತಳ್ಳುತ್ತಿರುತ್ತವೆ. ಹುಳಿ ಹೆಚ್ಚಿ, ಹುಳಿಯ ಅಳತೆಯಾದ ಪಿಎಚ್ ಅಂಶ (ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 6.7ರಿಂದ 4.6ರತ್ತ ಇಳಿದಂತೆ ಆ ವಿದ್ಯುದಂಶ ಕಳೆದು ಕಣಗಳು ಅಂಟಿಕೊಳ್ಳುತ್ತವೆ, ಹಾಲು ಒಡೆಯುತ್ತದೆ. ಮೊಸರು ಆಗಲೇ ಹುಳಿಯಾಗಿರುವುದರಿಂದ ಕುದಿಯುವ ಸಾಸ್‌ಗೆ ಬಿದ್ದರೆ ಗಸಿಗಸಿಯಾಗುತ್ತದೆ. ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆಯನ್ನೋ ಅಕ್ಕಿಯನ್ನೋ ಅರೆದು ಹಾಕುವ ನಮ್ಮ ಹಿರಿಯರು ಪಿಷ್ಟ ಈ ಒಡೆತವನ್ನು ತಡೆಯುತ್ತದೆಂಬುದನ್ನು ಅನುಭವದಿಂದ ಕಂಡುಕೊಂಡಿದ್ದರು. ಇಲ್ಲಿಯೂ ಸಾಸ್ ಮಂದವಾಗಿ ಉರಿ ಆರಿದ ಬಳಿಕ ಮೊಸರು ಬೆರೆಸುವುದೇ ಕ್ಷೇಮ.

ಸಸ್ಯಜನ್ಯ ಹಾಲುಗಳಲ್ಲಿ ಪ್ರೋಟೀನಿನ ಪ್ರಮಾಣದಿಂದ ಸೋಯಾ ಹಾಲು ಹಸುವಿನ ಹಾಲಿಗೆ ಹತ್ತಿರದ್ದು. ಅಂಗಡಿಯ ಬಾದಾಮಿ ಹಾಲಿನ ಒಂದು ಕಪ್ಪಿನಲ್ಲಿ ಪ್ರೋಟೀನ್ ಸುಮಾರು 1 ಗ್ರಾಂ ಮಾತ್ರ. ಯಾವುದನ್ನು ಬಳಸಿದರೂ ಸಕ್ಕರೆ, ವೆನಿಲ್ಲಾ ಬೆರೆಸಿರದದ್ದನ್ನು ಆರಿಸಬೇಕು.

ಹಾಲು ಒಗ್ಗದವರು ಗಮನಿಸಬೇಕಾದ ಮಾತೊಂದಿದೆ. ಲ್ಯಾಕ್ಟೋಸ್ ಅರಗದವರಿಗೆ, ಆ ಸಕ್ಕರೆಯನ್ನು ಕಿಣ್ವದಿಂದ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಮೊದಲೇ ಒಡೆದ ಹಾಲು ತುಸು ಸಿಹಿಯೆನಿಸಿದರೂ ಬಾಣಲೆಯಲ್ಲಿ ಮಾಮೂಲು ಹಾಲಿನಂತೆಯೇ ನಡೆದುಕೊಳ್ಳುತ್ತದೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರಿಗೆ ಮಾತ್ರ ಹಾಲನ್ನು ಬದಲಿಸಿದರೆ ಸಾಲದು. ಚೀಸ್ ರುಚಿಯ ಪೊಟ್ಟಣಗಳ ಪುಡಿಯಲ್ಲೇ ಚೀಸ್ ಮತ್ತು ಹಾಲೊಡಕಿನ ಅಂಶ ಇರುತ್ತದೆ. ಅಂಥವರು ಆ ಪುಡಿಯನ್ನು ಬಿಟ್ಟು, ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ, ಉಪ್ಪು, ಬೆಳ್ಳುಳ್ಳಿ, ಮೆಣಸಿನ ಪುಡಿಯೊಡನೆ ಬಾಣಲೆಗೆ ಹಾಕಿ ಕುದಿಸಿದರೆ ಸಾಸ್ ಅಷ್ಟೇ ಮಂದವಾಗಿ ಬರುತ್ತದೆ.